ಚೈನ್ ಲಾಕ್ ಬದಲಿಸುವುದು ಹೇಗೆ? ಹಾಲಿನ ಗಾಡಿ ನಡುದಾರಿಯಲ್ಲಿ ನಿಲ್ಲದಿರಲು

ಅಕ್ಕತಂಗಿಯರೇ, ಹಸಿರು ಮೇವು, ಕೆಚ್ಚಲು ಬಾವು, ಕರುಗಳ ಪಾಲನೆ ಎಂದು ಪ್ರತಿ ಸಂಚಿಕೆಯಲ್ಲೂ ಕೊಟ್ಟಿಗೆಯ ಒಳಗಿನ ಮಾತೇ ಆಗುತ್ತದೆ. ಈ ಸಲ ಕೊಟ್ಟಿಗೆಯ ಹೊರಗೆ ನಿಂತಿರುವ ಗಾಡಿಯ ಬಗ್ಗೆ ಮಾತಾಡೋಣ. ಹಾಲು ಕರೆಯುವುದು ಎಷ್ಟು ಮುಖ್ಯವೋ, ಕರೆದ ಹಾಲನ್ನು ಸಂಘದ ತೂಕದ ಹೊತ್ತಿಗೆ ತಲುಪಿಸುವುದೂ ಅಷ್ಟೇ ಮುಖ್ಯ. ಹಾಲು ಬಿಎಂಸಿಗೆ ಬಿದ್ದು 4 ಡಿಗ್ರಿಗೆ ತಣಿಯುವ ತನಕ ಅದರೊಳಗಿನ ಬ್ಯಾಕ್ಟೀರಿಯಾ ನಿಮ್ಮ ದಾರಿ ಕಾಯುತ್ತಾ ಸುಮ್ಮನೆ ಕೂರುವುದಿಲ್ಲ.

ಮೊದಲು ನನ್ನದೇ ಒಂದು ಪೆದ್ದುತನ ಹೇಳಿಬಿಡುತ್ತೇನೆ. ನಾನು ಒಕ್ಕೂಟದಲ್ಲಿ ವಿಸ್ತರಣಾ ಕೆಲಸ ಮಾಡುವವಳಾದರೂ ಮನೆಯಲ್ಲಿ ಎರಡು ಹಸು ಕಟ್ಟಿದ್ದೇನೆ. ಒಂದು ದಿನ ಬೈಕಿನ ಚೈನ್ ಲಾಕ್ ಸಡಿಲವಾಗಿದೆ ಅನ್ನಿಸಿತು. ಅಂಗಡಿಯಲ್ಲಿ ‘ಒಂದು ಚೈನ್ ಲಾಕ್ ಕೊಡಿ’ ಎಂದೆ. ಕೊಟ್ಟರು, ತಂದೆ. ನನ್ನ ಬೈಕಿನದು ರಬ್ಬರ್ ರಿಂಗ್ ಇರುವ ಚೈನು, ತಂದದ್ದು ಸಾದಾ ಚೈನಿನ ಲಾಕ್. ಪಿನ್ನು ಗಿಡ್ಡ, ಕ್ಲಿಪ್ಪು ತನ್ನ ಗಾಡಿಯಲ್ಲಿ ಸರಿಯಾಗಿ ಕೂರಲಿಲ್ಲ. ಸುತ್ತಿಗೆಯಲ್ಲಿ ಎರಡು ಪೆಟ್ಟು ಕೊಟ್ಟು ‘ಕೂತಿತು’ ಎಂದುಕೊಂಡೆ. ಮೂರನೇ ದಿನ ಸಂಜೆ, ಕೆರೆ ಏರಿ ಇಳಿದು ಮಣ್ಣು ರಸ್ತೆಗೆ ಬಂದಾಗ ‘ಟಕ್’ ಎಂದಿತು. ಎಂಜಿನ್ ಕೂಗುತ್ತಿದೆ, ಗಾಡಿ ಮುಂದೆ ಹೋಗುತ್ತಿಲ್ಲ. ಗಾಬರಿಯಲ್ಲಿ ಬೈಕು ವಾಲಿತು, ಕ್ಯಾನಿನ ಮುಚ್ಚಳ ಹಾರಿತು, 17 ಲೀಟರ್ ಹಾಲು ಚರಂಡಿ ಪಾಲು. ಆ ಸಂಜೆ ನನ್ನ ಪಾಸ್ ಪುಸ್ತಕದಲ್ಲಿ ಒಂದು ಸಾಲು ಖಾಲಿ ಉಳಿಯಿತು. ಅಂಗಡಿಯವರದೇನೂ ತಪ್ಪಿರಲಿಲ್ಲ. ಯಾವ ಚೈನು ಎಂದು ನಾನೇ ಹೇಳಿರಲಿಲ್ಲ.

ಆಮೇಲೆ ಮೆಕ್ಯಾನಿಕ್ ಪಕ್ಕದಲ್ಲಿ ಕೂತು ಈ ಕೆಲಸವನ್ನು ಸರಿಯಾಗಿ ಕಲಿತೆ. ಹೊಲಿಗೆ ಯಂತ್ರದ ಬಾಬಿನ್ ಹಾಕಲು ಬರುವ ಕೈಗೆ ಇದು ಕಷ್ಟದ ಕೆಲಸವಲ್ಲ.

ಚೈನ್ ಲಾಕ್ ಎಂದರೆ ಯಾವುದು?

ಚೈನು ಎಂದರೆ ಕೊಂಡಿಗೆ ಕೊಂಡಿ ಸೇರಿದ ಸರ. ಅದನ್ನು ಹಿಂದಿನ ಚಕ್ರದ ಹಲ್ಲುಗಾಲಿಗೂ ಎಂಜಿನ್ ಪಕ್ಕದ ಚಿಕ್ಕ ಹಲ್ಲುಗಾಲಿಗೂ ಸುತ್ತಿದ ಮೇಲೆ ಎರಡು ತುದಿಗಳನ್ನು ಸೇರಿಸಲೇಬೇಕು. ಹಾಗೆ ಸೇರಿಸುವ, ಮತ್ತೆ ಬಿಚ್ಚಲು ಬರುವ ಒಂದೇ ಒಂದು ಕೊಂಡಿಯೇ ಚೈನ್ ಲಾಕ್. ಕೊರಳ ಸರಕ್ಕೆ ಕೊಕ್ಕೆ ಇದ್ದ ಹಾಗೆ. ಬೇರೆ ಕೊಂಡಿಗಳೆಲ್ಲ ಕಾರ್ಖಾನೆಯಲ್ಲಿ ಬಡಿದು ಕೂರಿಸಿದವು.

ಸಾದಾ ಲಾಕಿನಲ್ಲಿ ಮೂರು ಭಾಗ ಇರುತ್ತವೆ. ಎರಡು ಪಿನ್ನು ನಿಂತಿರುವ ಒಂದು ಪಟ್ಟಿ, ಬಿಡಿಯಾಗಿ ಬರುವ ಇನ್ನೊಂದು ಪಟ್ಟಿ, ಮತ್ತು ಮೀನಿನ ಆಕಾರದ ಒಂದು ಸ್ಪ್ರಿಂಗ್ ಕ್ಲಿಪ್ಪು. ಪಿನ್ನುಗಳ ತುದಿಯಲ್ಲಿ ಸಣ್ಣ ಕಚ್ಚು ಇರುತ್ತದೆ. ಕ್ಲಿಪ್ಪು ಆ ಕಚ್ಚಿನೊಳಗೆ ಕೂತರೆ ಪಟ್ಟಿ ಹೊರಗೆ ಬರುವುದಿಲ್ಲ. ಅಷ್ಟು ದೊಡ್ಡ ಬೈಕಿನ ಎಳೆತವೆಲ್ಲ ಹಾದುಹೋಗುವ ಕೊಂಡಿ ಕಳಚದಂತೆ ಕಾಯುವುದು ನಿಮ್ಮ ತಲೆಪಿನ್ನಿನಷ್ಟು ತೆಳುವಾದ ಆ ಕ್ಲಿಪ್ಪು.

ರಬ್ಬರ್ ರಿಂಗ್ ಇರುವ ಚೈನಿಗೆ ಅಂಗಡಿಯಲ್ಲಿ ‘ಓ-ರಿಂಗ್ ಚೈನು’ ಎನ್ನುತ್ತಾರೆ. ಪ್ರತಿ ಕೊಂಡಿಯ ಪಿನ್ನಿನ ಸುತ್ತ ಕಾರ್ಖಾನೆಯಲ್ಲೇ ಗ್ರೀಸ್ ತುಂಬಿ, ಅದು ಹೊರಗೆ ಬಾರದಂತೆ, ಧೂಳು ಒಳಗೆ ಹೋಗದಂತೆ ಪಟ್ಟಿಗಳ ಸಂದಿನಲ್ಲಿ ಕಪ್ಪು ರಬ್ಬರ್ ಬಳೆಗಳನ್ನು ಇಟ್ಟಿರುತ್ತಾರೆ. ಹಾಲಿನ ಕ್ಯಾನಿನ ಮುಚ್ಚಳದೊಳಗಿನ ರಬ್ಬರ್ ವಾಷರ್ ಮಾಡುವ ಕೆಲಸವೇ ಇಲ್ಲೂ ನಡೆಯುತ್ತದೆ. ಹೊಲದ ಬದು, ಕೆಮ್ಮಣ್ಣಿನ ದಾರಿ, ಮಳೆಗಾಲದ ಕೆಸರು ತುಳಿಯುವ ಗಾಡಿಗೆ ಇದು ಒಳ್ಳೆಯ ಚೈನು. ಧೂಳು ಸೇರಿದ ಎಣ್ಣೆ ಅರೆಯುವ ಕಲ್ಲಿನಂತೆ ಕೆಲಸ ಮಾಡಿ ಪಿನ್ನನ್ನು ಸವೆಸುತ್ತದೆ. ರಿಂಗ್ ಇದ್ದರೆ ಆ ಅರೆತ ಒಳಗಿನ ತನಕ ಹೋಗುವುದಿಲ್ಲ. ಈ ಚೈನಿನ ಲಾಕಿಗೆ ಮೇಲೆ ಹೇಳಿದ ಮೂರು ಭಾಗದ ಜೊತೆ ನಾಲ್ಕು ರಬ್ಬರ್ ರಿಂಗು ಬರುತ್ತವೆ. ಹಲವು ಪೊಟ್ಟಣಗಳಲ್ಲಿ ಚಿಟಿಕೆಯಷ್ಟು ಗ್ರೀಸ್ ಕೂಡ ಇರುತ್ತದೆ.

ನಿಮ್ಮದು ಯಾವುದು ಎಂದು ತಿಳಿಯಲು ಚೈನನ್ನು ಬಟ್ಟೆಯಲ್ಲಿ ಒರೆಸಿ ಪಕ್ಕದಿಂದ ನೋಡಿ. ಪಟ್ಟಿಗಳ ನಡುವೆ ಕಪ್ಪು ರಬ್ಬರ್ ಅಂಚು ಕಂಡರೆ ಓ-ರಿಂಗ್. ಬರೀ ಕಬ್ಬಿಣ ಕಂಡರೆ ಸಾದಾ. ಪೂರ್ತಿ ಚೈನ್ ಕವರ್ ಇರುವ ಬೈಕುಗಳಲ್ಲಿ ಕವರಿನ ರಬ್ಬರ್ ಬಿರಡೆ ತೆಗೆದು ಟಾರ್ಚ್ ಹಾಕಿ ನೋಡಬೇಕು. ಕೆಲವು ಚೈನುಗಳಿಗೆ ಕ್ಲಿಪ್ ಲಾಕೇ ಇರುವುದಿಲ್ಲ. ಕೊನೆಯ ಕೊಂಡಿಯನ್ನೂ ಪಿನ್ ತುದಿ ಅರಳಿಸಿ ರಿವೆಟ್ ಮಾಡಿರುತ್ತಾರೆ. ಅದಕ್ಕೆ ಬೇರೆಯೇ ಸಲಕರಣೆ ಬೇಕು, ಮನೆಯಲ್ಲಿ ಕೈಹಾಕದೆ ಮೆಕ್ಯಾನಿಕ್ ಹತ್ತಿರ ಕೊಂಡೊಯ್ಯಿರಿ. ಸಾಮಾನ್ಯ ಸ್ಕೂಟರುಗಳಲ್ಲಿ ಚೈನಿನ ಬದಲು ಮುಚ್ಚಿದ ಪೆಟ್ಟಿಗೆಯೊಳಗೆ ಬೆಲ್ಟ್ ಇರುತ್ತದೆ. ಅಂಥವರಿಗೆ ಈ ಲೇಖನದಲ್ಲಿ ಕೊನೆಯ ಭಾಗ ಮಾತ್ರ ಉಪಯೋಗ.

ಅಂಗಡಿಯಲ್ಲಿ ಏನೆಂದು ಕೇಳಬೇಕು?

ಚೈನಿನ ಪಟ್ಟಿಯ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಂಖ್ಯೆ ಕೊರೆದಿರುತ್ತದೆ. ನಮ್ಮ ಕಡೆಯ ಬೈಕುಗಳಲ್ಲಿ ಹೆಚ್ಚಾಗಿ ಕಾಣುವುದು 428. ಮೊದಲ ಅಂಕಿ 4 ಎಂದರೆ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಇರುವ ದೂರ 4/8 ಇಂಚು, ಅಂದರೆ ಅರ್ಧ ಇಂಚು, 12.7 ಮಿ.ಮೀ. ಉಳಿದ ಎರಡು ಅಂಕಿ ಅಗಲವನ್ನು ಹೇಳುತ್ತವೆ. ಇಲ್ಲೇ ಮೋಸ ಹೋಗುವುದು. 420 ಚೈನಿಗೂ ಪಿನ್ ದೂರ ಅರ್ಧ ಇಂಚೇ, ಆದರೆ ಒಳಗಿನ ಅಗಲ ಕಡಿಮೆ. ಎರಡೂ ಲಾಕುಗಳನ್ನು ಅಂಗೈಯಲ್ಲಿಟ್ಟು ನೋಡಿದರೆ ಅವಳಿಜವಳಿಯಂತೆ ಕಾಣುತ್ತವೆ, ಹಾಕಲು ಹೋದರೆ ಒಂದು ಕೂರುವುದಿಲ್ಲ. ಸಂಖ್ಯೆಯ ಮುಂದೆ ‘ಎಚ್’ ಅಕ್ಷರ ಇದ್ದರೆ ಪಟ್ಟಿ ದಪ್ಪ, ಲಾಕೂ ದಪ್ಪದ್ದೇ ಬೇಕು.

ಆದ್ದರಿಂದ ಕಂಪನಿ, ಸಂಖ್ಯೆ, ಸಾದಾ ಅಥವಾ ಓ-ರಿಂಗ್ ಎಂಬ ಮೂರನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಮೊಬೈಲಿನಲ್ಲಿ ಚೈನಿನ ಫೋಟೋ ತೆಗೆದು ತೋರಿಸಿದರೂ ಆಯಿತು. ಚೈನು ಯಾವ ಕಂಪನಿಯದೋ ಲಾಕೂ ಅದೇ ಕಂಪನಿಯದಾದರೆ ಒಳ್ಳೆಯದು. ಎರಡು ತನ್ನಿ, ಒಂದು ಹಾಕಲು, ಒಂದು ಗಾಡಿಯಲ್ಲಿ ಇಡಲು. ಒಮ್ಮೆ ಬಿಚ್ಚಿದ ಹಳೆಯ ಕ್ಲಿಪ್ಪನ್ನು ಮತ್ತೆ ಹಾಕಬೇಡಿ. ಬಾಯಿ ಅಗಲಿಸಿದ ಕ್ಲಿಪ್ಪಿಗೆ ಹಿಂದಿನ ಹಿಡಿತ ಇರುವುದಿಲ್ಲ.

ಲಾಕ್ ತರುವ ಮೊದಲು ಚೈನನ್ನೇ ಒಮ್ಮೆ ಪರೀಕ್ಷಿಸಿ. ಹಿಂದಿನ ಹಲ್ಲುಗಾಲಿಯ ತೀರಾ ಹಿಂಭಾಗದಲ್ಲಿ ಚೈನನ್ನು ಬೆರಳಲ್ಲಿ ಹಿಡಿದು ಹಿಂದಕ್ಕೆ ಎಳೆಯಿರಿ. ಅರ್ಧ ಹಲ್ಲು ಕಾಣುವಷ್ಟು ಎದ್ದು ಬಂದರೆ ಚೈನು ಸವೆದಿದೆ. ಟೇಪು ಇದ್ದರೆ ಇನ್ನೂ ಸ್ಪಷ್ಟ. ಅರ್ಧ ಇಂಚಿನ ಚೈನಿನಲ್ಲಿ 20 ಕೊಂಡಿಯ ಉದ್ದ ಹೊಸದಿದ್ದಾಗ 10 ಇಂಚು, ಅಂದರೆ 254 ಮಿ.ಮೀ. ಅದು 259ಕ್ಕೆ ಬಂದಿದ್ದರೆ ಆ ಚೈನಿನ ಆಯುಸ್ಸು ಮುಗಿಯಿತು. ಕಬ್ಬಿಣ ಹಿಗ್ಗಿದ್ದಲ್ಲ, ಒಂದೊಂದು ಪಿನ್ನೂ ಕೂದಲೆಳೆಯಷ್ಟು ಸವೆದು ಎಲ್ಲ ಸೇರಿ ಅಷ್ಟಾಗಿದೆ. ಹಲ್ಲುಗಾಲಿಯ ಹಲ್ಲುಗಳು ಕುಡುಗೋಲಿನ ತುದಿಯಂತೆ ಒಂದೇ ಕಡೆ ಬಾಗಿದ್ದರೂ ಅದೇ ಲೆಕ್ಕ. ಹಾಗಿರುವಾಗ ಹೊಸ ಲಾಕ್ ಹಾಕುವುದು ಹರಿದ ಗೋಣಿಗೆ ಹೊಸ ದಾರದ ಹೊಲಿಗೆ ಹಾಕಿದಂತೆ. ಚೈನು ಮತ್ತು ಎರಡೂ ಹಲ್ಲುಗಾಲಿಗಳನ್ನು ಸೆಟ್ ಆಗಿಯೇ ಬದಲಿಸಬೇಕು. ಹಳೆಯ ಹಲ್ಲಿನ ಮೇಲೆ ಹೊಸ ಚೈನು ಹಾಕಿದರೆ ಹೊಸದೂ ಬೇಗ ಹಾಳಾಗುತ್ತದೆ.

ಕೆಲಸಕ್ಕೆ ಕೂರುವ ಮೊದಲು

ಬೇಕಾದ ಸಾಮಾನು ಹೆಚ್ಚಿಲ್ಲ. ನೋಸ್ ಪ್ಲೈಯರ್, ಚಪ್ಪಟೆ ಸ್ಕ್ರೂ ಡ್ರೈವರ್, ಹಿಂದಿನ ಚಕ್ರದ ನಟ್ಟಿಗೆ ಹೊಂದುವ ಸ್ಪ್ಯಾನರುಗಳು, ಸೀಮೆಎಣ್ಣೆ, ಹಳೆಯ ಹಲ್ಲುಜ್ಜುವ ಬ್ರಷ್, ಹಳೆಯ ಬಟ್ಟೆ, ಸ್ವಲ್ಪ ಗ್ರೀಸ್. ಓ-ರಿಂಗ್ ಚೈನಾದರೆ ಒಂದು ಸಣ್ಣ ಸಿ-ಕ್ಲ್ಯಾಂಪ್ ಬೇಕಾಗುತ್ತದೆ. ಬಡಗಿಯವರ ಹತ್ತಿರ, ವೆಲ್ಡಿಂಗ್ ಅಂಗಡಿಯಲ್ಲಿ ಸಿಗುತ್ತದೆ.

ಜಾಗದ ಬಗ್ಗೆ ಒಂದು ಮಾತು, ದಯವಿಟ್ಟು ಇದನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ಕೊಟ್ಟಿಗೆಯ ಮುಂದೆ, ಹುಲ್ಲು ಬೀಳುವ ಅಂಗಳದಲ್ಲಿ ಈ ಕೆಲಸ ಬೇಡ. ಕ್ಲಿಪ್ಪು ಸ್ಪ್ರಿಂಗಿನದು, ಬಿಚ್ಚುವಾಗ ಚಿಮ್ಮಿ ಎಲ್ಲೋ ಬೀಳುತ್ತದೆ. ಹಸು ಮೇವನ್ನು ಆರಿಸಿ ತಿನ್ನುವ ಪ್ರಾಣಿಯಲ್ಲ, ನಾಲಿಗೆಯಲ್ಲಿ ಸುತ್ತಿ ಎಳೆದು ನುಂಗಿಬಿಡುತ್ತದೆ. ಮೇವಿನ ಜೊತೆ ಹೋದ ಕಬ್ಬಿಣದ ಚೂಪು ಚೂರು ಎರಡನೇ ಹೊಟ್ಟೆಯಲ್ಲಿ ನಿಲ್ಲುತ್ತದೆ. ಆ ಹೊಟ್ಟೆಗೂ ಹೃದಯಕ್ಕೂ ನಡುವೆ ಇರುವುದು ತೆಳುವಾದ ಪರದೆ ಮಾತ್ರ. ಚೂರು ಅದನ್ನು ಚುಚ್ಚಿಕೊಂಡು ಹೃದಯದ ಚೀಲದ ತನಕ ಹೋಗಿ ಒಳ್ಳೆಯ ಹಾಲಿನ ಹಸುಗಳು ಸತ್ತಿವೆ. ಬೈಕನ್ನು ಬೀದಿ ಬದಿಯ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಕೆಳಗೆ ಗೋಣಿಚೀಲ ಹಾಸಿ, ಒಂದು ತಟ್ಟೆಯಲ್ಲಿ ಬಿಡಿಭಾಗ ಇಡಿ. ಕೆಲಸ ಮುಗಿದ ಮೇಲೆ ಎಣಿಸಿ. ಒಂದು ಕ್ಲಿಪ್ಪು ಸಿಗದಿದ್ದರೆ ಹಳೆಯ ಸ್ಪೀಕರಿನ ಆಯಸ್ಕಾಂತದಿಂದ ನೆಲ ಸವರಿ ಹುಡುಕಿ.

ಕ್ಯಾನು ಇಳಿಸಿ, ಡಬಲ್ ಸ್ಟ್ಯಾಂಡ್ ಹಾಕಿ, ಗೇರು ನ್ಯೂಟ್ರಲ್ ಮಾಡಿ. ಕೀಲಿ ತೆಗೆದು ನಿಮ್ಮ ಬಳಿಯೇ ಇಟ್ಟುಕೊಳ್ಳಿ, ಪಕ್ಕದಲ್ಲಿ ಮಕ್ಕಳಿದ್ದರಂತೂ ಖಂಡಿತ. ಎಂಜಿನ್ ಚಾಲೂ ಮಾಡಿ ಗೇರಿಗೆ ಹಾಕಿ ಚಕ್ರ ತಿರುಗಿಸುತ್ತಾ ಚೈನು ಒರೆಸುವವರನ್ನು ನೀವೂ ನೋಡಿರುತ್ತೀರಿ. ಬಟ್ಟೆಯ ತುದಿ ಸಿಕ್ಕಿಕೊಂಡರೆ ಬೆರಳು ಹಲ್ಲುಗಾಲಿಯೊಳಗೆ ಹೋಗುವುದು ಒಂದು ಕ್ಷಣದ ಕೆಲಸ. ಹಾಗೆ ಬೆರಳು ಕಳೆದುಕೊಂಡವರಿದ್ದಾರೆ. ಹಾಲು ಕರೆಯುವ ಕೈ ಅದು. ಚಕ್ರವನ್ನು ಯಾವಾಗಲೂ ಕೈಯಲ್ಲೇ ತಿರುಗಿಸಿ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಳೆ ಮೇಲಕ್ಕೆ ಸರಿಸಿಕೊಳ್ಳಿ.

ಬಿಚ್ಚುವುದು

ಚಕ್ರ ತಿರುಗಿಸಿ ಲಾಕ್ ಹುಡುಕಿ. ಮೀನಿನ ಆಕಾರದ ಕ್ಲಿಪ್ಪು ಚೈನಿನ ಹೊರಮಗ್ಗುಲಲ್ಲಿ, ಚಕ್ರದ ಕಡೆಗಲ್ಲ, ನಿಮ್ಮ ಕಡೆಗೆ ಕಾಣುತ್ತದೆ. ಅದು ಹಿಂದಿನ ಹಲ್ಲುಗಾಲಿಯ ಹಿಂಭಾಗಕ್ಕೆ ಬರುವಂತೆ ನಿಲ್ಲಿಸಿ. ಹೀಗೆ ಮಾಡಿದರೆ ಲಾಕ್ ತೆಗೆದ ಮೇಲೂ ಚೈನಿನ ಎರಡು ತುದಿಗಳನ್ನು ಹಲ್ಲುಗಳೇ ಹಿಡಿದುಕೊಂಡಿರುತ್ತವೆ, ಇನ್ನೊಬ್ಬರ ಸಹಾಯ ಬೇಕಾಗುವುದಿಲ್ಲ. ಚೈನು ಬಿಗಿ ಇದ್ದರೆ ಆಕ್ಸಲ್ ನಟ್ಟು ಮತ್ತು ಎರಡೂ ಬದಿಯ ಅಡ್ಜಸ್ಟರ್ ಸಡಿಲಿಸಿ ಚಕ್ರವನ್ನು ತುಸು ಮುಂದಕ್ಕೆ ತಳ್ಳಿ. ಅಡ್ಜಸ್ಟರ್ ಎಷ್ಟನೇ ಗೆರೆಯಲ್ಲಿತ್ತು ಎಂದು ಮೊದಲೇ ಗುರುತು ಮಾಡಿಕೊಳ್ಳಿ.

ಕ್ಲಿಪ್ಪಿನ ಮುಚ್ಚಿದ ದುಂಡು ತುದಿ ಮೀನಿನ ತಲೆ, ಸೀಳಿದ ತುದಿ ಬಾಲ. ನೋಸ್ ಪ್ಲೈಯರಿನ ಒಂದು ಮೂತಿಯನ್ನು ಬಾಲದ ತುದಿಗೆ ಕೊಡಿ. ಇನ್ನೊಂದನ್ನು ಬಾಲದ ಕಡೆಯ ಪಿನ್ನಿನ ಒಳಬದಿಗೆ, ಅಂದರೆ ಎರಡು ಪಿನ್ನುಗಳ ನಡುವೆ ಇಡಿ. ಮೇಲೆ ಬಟ್ಟೆ ಮುಚ್ಚಿಕೊಂಡು ಅದುಮಿ. ಬಾಲ ಪಿನ್ನಿನಿಂದ ಜಾರಿ, ಕ್ಲಿಪ್ಪು ತಲೆಯ ಕಡೆಗೆ ಸರಿದು ಬಿಡುತ್ತದೆ. ಸ್ಕ್ರೂ ಡ್ರೈವರಿನಲ್ಲಿ ಮೀಟಿ ಎಬ್ಬಿಸಿದರೂ ಬರುತ್ತದೆ, ಆದರೆ ಕಣ್ಣಿಗೆ ಚಿಮ್ಮುವುದು ಆಗಲೇ.

ಈಗ ಹೊರಪಟ್ಟಿ. ಸಾದಾ ಚೈನಿನಲ್ಲಿ ಬೆರಳಲ್ಲೇ ಬರುತ್ತದೆ. ಓ-ರಿಂಗ್ ಚೈನಿನಲ್ಲಿ ಬಿಗಿ ಇರಬಹುದು. ಎರಡೂ ಬದಿ ಒಂದೊಂದು ಸಲ ಸ್ಕ್ರೂ ಡ್ರೈವರಿನಿಂದ ಮೆಲ್ಲಗೆ ಮೀಟಿ. ಪಟ್ಟಿ ಬಂದ ಮೇಲೆ ಪಿನ್ನುಗಳನ್ನು ಚಕ್ರದ ಕಡೆಗೆ ದೂಡಿದರೆ ಲಾಕ್ ಕೈಗೆ ಬರುತ್ತದೆ. ರಬ್ಬರ್ ರಿಂಗುಗಳನ್ನು ಎಣಿಸಿ, ನಾಲ್ಕೂ ಬಂದಿರಬೇಕು. ಒಂದು ಹಳೆಯ ರಿಂಗು ಅಲ್ಲೇ ಅಂಟಿಕೊಂಡು ಉಳಿದರೆ ಹೊಸದು ಕೂರುವುದಿಲ್ಲ.

ಎರಡೂ ತುದಿಗಳನ್ನು ಸೀಮೆಎಣ್ಣೆ, ಬ್ರಷ್ ಹಾಕಿ ತೊಳೆದು ಒರೆಸಿ. ಓ-ರಿಂಗ್ ಚೈನಿಗೆ ಪೆಟ್ರೋಲ್ ಬೇಡ, ತಂತಿ ಬ್ರಷ್ ಬೇಡ, ರಬ್ಬರ್ ಹಾಳಾಗುತ್ತದೆ. ವಾಟರ್ ಸರ್ವೀಸಿನಲ್ಲಿ ಚೈನಿಗೆ ನೇರವಾಗಿ ಜೋರು ನೀರು ಹೊಡೆಸುವುದೂ ಬೇಡ.

ಪೂರ್ತಿ ಹೊಸ ಚೈನೇ ಹಾಕುವುದಾದರೆ ಒಂದು ಉಪಾಯ ಹೇಳುತ್ತೇನೆ, ಇದು ಮೆಕ್ಯಾನಿಕ್‌ಗಿಂತ ನಮಗೇ ಚೆನ್ನಾಗಿ ಗೊತ್ತಿರುವುದು. ಲಂಗಕ್ಕೆ ಹೊಸ ಲಾಡಿ ಹಾಕುವಾಗ ಹಳೆಯ ಲಾಡಿಯ ತುದಿಗೆ ಹೊಸದನ್ನು ಗಂಟು ಹಾಕಿ ಎಳೆಯುವುದಿಲ್ಲವೇ? ಹಳೆಯ ಚೈನನ್ನು ಪೂರ್ತಿ ಹೊರಗೆ ತೆಗೆಯದೆ, ಅದರ ಒಂದು ತುದಿಗೆ ಹೊಸ ಚೈನನ್ನು ಹಳೆಯ ಲಾಕಿನಿಂದ ಸೇರಿಸಿ ಇನ್ನೊಂದು ತುದಿಯಿಂದ ಎಳೆಯಿರಿ. ಎಂಜಿನ್ ಪಕ್ಕದ ಮುಚ್ಚಳ ಬಿಚ್ಚದೆಯೇ ಹೊಸದು ಸುತ್ತಿಕೊಂಡು ಬರುತ್ತದೆ. ಇದು ಹಲ್ಲುಗಾಲಿಗಳು ಚೆನ್ನಾಗಿದ್ದಾಗ ಮಾತ್ರ.

ಹೊಸ ಲಾಕ್ ಕೂರಿಸುವುದು

ಹೊಸ ಲಾಕಿನ ಎರಡೂ ಪಿನ್ನುಗಳಿಗೆ ಗ್ರೀಸ್ ಸವರಿ. ಓ-ರಿಂಗ್ ಆದರೆ ಒಂದೊಂದು ಪಿನ್ನಿಗೆ ಒಂದೊಂದು ರಿಂಗ್ ತೊಡಿಸಿ ಬುಡದ ತನಕ ಇಳಿಸಿ. ನಂತರ ಲಾಕನ್ನು ಚಕ್ರದ ಕಡೆಯಿಂದ ನಿಮ್ಮ ಕಡೆಗೆ ತೂರಿಸಿ, ಎರಡು ತುದಿಯ ತೂತಿನೊಳಗೂ ಪಿನ್ನು ಬರಬೇಕು. ಹೊರಗೆ ಬಂದ ಪಿನ್ನುಗಳಿಗೆ ಉಳಿದ ಎರಡು ರಿಂಗ್ ತೊಡಿಸಿ. ಅದರ ಮೇಲೂ ಸ್ವಲ್ಪ ಗ್ರೀಸ್. ಆಮೇಲೆ ಹೊರಪಟ್ಟಿ.

ಸಾದಾ ಲಾಕಿನಲ್ಲಿ ಪಟ್ಟಿ ಒತ್ತಿದರೆ ಕೂರುತ್ತದೆ. ಓ-ರಿಂಗ್ ಲಾಕಿನಲ್ಲಿ ರಬ್ಬರು ಪಟ್ಟಿಯನ್ನು ಹೊರಗೆ ನೂಕುತ್ತಿರುತ್ತದೆ, ಕೆಲವು ಪಟ್ಟಿಗಳ ತೂತೂ ಬಿಗಿ. ನಾನು ಸುತ್ತಿಗೆ ಹಿಡಿದದ್ದು ಇಲ್ಲೇ. ಸುತ್ತಿಗೆ ಪೆಟ್ಟಿಗೆ ರಿಂಗು ಕತ್ತರಿಸಿಹೋಗುತ್ತದೆ, ಪಿನ್ನು ಓರೆಯಾಗುತ್ತದೆ. ಸಿ-ಕ್ಲ್ಯಾಂಪನ್ನು ಪಿನ್ನಿನ ತಲೆಗೆ ತಾಗದಂತೆ ಪಟ್ಟಿಯ ಮೇಲೆ ಇಟ್ಟು, ಒಮ್ಮೆ ಈ ಪಿನ್ನಿನ ಬಳಿ, ಒಮ್ಮೆ ಆ ಪಿನ್ನಿನ ಬಳಿ, ಕಾಲು ಸುತ್ತಿನಂತೆ ಬಿಗಿಯುತ್ತಾ ಬನ್ನಿ. ಪಿನ್ನಿನ ಮೇಲೆ ದೊಡ್ಡ ತೂತಿನ ನಟ್ಟೊಂದನ್ನು ಇಟ್ಟು ಒತ್ತಿದರೆ ಅನುಕೂಲ. ಎರಡೂ ಪಿನ್ನಿನ ಕಚ್ಚು ಸುತ್ತಲೂ ಪೂರ್ತಿ ಕಾಣಿಸಿದೊಡನೆ ನಿಲ್ಲಿಸಿ. ಕಚ್ಚು ಅರ್ಧ ಕಂಡರೆ ಕ್ಲಿಪ್ಪು ನಿಲ್ಲದು. ಅತಿಯಾಗಿ ಒತ್ತಿದರೆ ರಿಂಗು ನಜ್ಜಾಗಿ ಕೊಂಡಿ ಮಡಚುವುದೇ ಇಲ್ಲ. ಪಕ್ಕದ ಕೊಂಡಿಗಳ ಪಟ್ಟಿಗೂ ಇದರ ಪಟ್ಟಿಗೂ ಸಂದು ಒಂದೇ ಸಮ ಇದೆಯೇ ನೋಡಿ.

ಇನ್ನು ಕ್ಲಿಪ್ಪು. ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಮೀನು ತಲೆ ಮುಂದಾಗಿ ಈಜುತ್ತದೆ. ಗಾಡಿ ಮುಂದೆ ಹೋಗುವಾಗ ಚೈನು ಯಾವ ದಿಕ್ಕಿಗೆ ಓಡುತ್ತದೋ ಆ ದಿಕ್ಕಿಗೆ ಕ್ಲಿಪ್ಪಿನ ಮುಚ್ಚಿದ ತಲೆ ಇರಬೇಕು, ಸೀಳಿದ ಬಾಲ ಹಿಂದೆ ಬರಬೇಕು. ಚೈನಿನ ಮೇಲಿನ ಸಾಲು ಮುಂದಕ್ಕೆ, ಎಂಜಿನ್ ಕಡೆಗೆ ಓಡುತ್ತದೆ, ಅಲ್ಲಿ ತಲೆ ಮುಂದಕ್ಕೆ. ಕೆಳಗಿನ ಸಾಲು ಹಿಂದಕ್ಕೆ ಓಡುತ್ತದೆ, ಅಲ್ಲಿ ತಲೆ ಹಿಂದಕ್ಕೆ. ಗೊಂದಲವಾದರೆ ಚಕ್ರವನ್ನು ಗಾಡಿ ಮುಂದೆ ಹೋಗುವ ದಿಕ್ಕಿಗೆ ಕೈಯಲ್ಲಿ ತಿರುಗಿಸಿ ನೋಡಿಬಿಡಿ. ಕಾರಣ ಸರಳ. ಓಡುವ ಚೈನಿಗೆ ಕಡ್ಡಿ, ಕಲ್ಲು, ಹುಲ್ಲಿನ ದಂಟು ತಾಗುತ್ತಲೇ ಇರುತ್ತದೆ. ದುಂಡು ತಲೆಗೆ ತಾಗಿದರೆ ಜಾರಿ ಹೋಗುತ್ತದೆ. ಸೀಳಿದ ಬಾಲ ಮುಂದಿದ್ದರೆ ಅದೇ ಪೆಟ್ಟು ಕ್ಲಿಪ್ಪನ್ನು ಬಿಚ್ಚುವ ದಿಕ್ಕಿಗೇ ನೂಕುತ್ತದೆ.

ತಲೆಯ ಕಡೆಯನ್ನು ಒಂದು ಪಿನ್ನಿನ ಕಚ್ಚಿಗೆ ಹೊಂದಿಸಿ, ಬಾಲವನ್ನು ಇನ್ನೊಂದು ಪಿನ್ನಿನ ಮೇಲೆ ಇಡಿ. ಪ್ಲೈಯರಿನ ಒಂದು ಮೂತಿ ತಲೆಯ ಹೊರಗೆ, ಇನ್ನೊಂದು ಬಾಲದ ಕಡೆಯ ಪಿನ್ನಿನ ಹೊರಬದಿಗೆ. ಅದುಮಿದರೆ ‘ಟಿಕ್’ ಎಂದು ಕೂರುತ್ತದೆ. ಉಗುರಿನಲ್ಲಿ ಕ್ಲಿಪ್ಪನ್ನು ಎಬ್ಬಿಸಲು ನೋಡಿ, ಅಲ್ಲಾಡಬಾರದು. ಕೊಂಡಿಯನ್ನು ಮೇಲೆ ಕೆಳಗೆ ಮಡಚಿ ನೋಡಿ, ಉಳಿದ ಕೊಂಡಿಗಳಂತೆ ಸಲೀಸಾಗಿ ಆಡಬೇಕು. ಗಟ್ಟಿ ಹಿಡಿದರೆ ಬಿಚ್ಚಿ ಮತ್ತೆ ಮಾಡಬೇಕು, ‘ಓಡಿಸುತ್ತಾ ಸರಿಹೋಗುತ್ತದೆ’ ಎನ್ನಬೇಡಿ.

ಬಿಗಿ ಎಷ್ಟಿರಬೇಕು?

ಎರಡು ಹಲ್ಲುಗಾಲಿಗಳ ನಡುವೆ, ಕೆಳಗಿನ ಸಾಲನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿ. ಬಹಳಷ್ಟು ಸಾಮಾನ್ಯ ಬೈಕುಗಳಿಗೆ ಈ ಆಟ ಒಟ್ಟು 20ರಿಂದ 30 ಮಿ.ಮೀ. ಇರಬೇಕು, ಎಂದರೆ ಹೆಚ್ಚುಕಡಿಮೆ ಒಂದು ಇಂಚು. ನಿಮ್ಮ ಗಾಡಿಯ ಸರಿಯಾದ ಅಳತೆ ಗಾಡಿ ಕೊಂಡಾಗ ಕೊಟ್ಟ ಪುಸ್ತಕದಲ್ಲಿದೆ, ಅದೇ ಅಂತಿಮ. ಚಕ್ರವನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ನಾಲ್ಕೈದು ಕಡೆ ನೋಡಿ, ಅತಿ ಬಿಗಿ ಇರುವ ಕಡೆಯ ಅಳತೆ ಹಿಡಿಯಿರಿ.

ನಮ್ಮಂಥ ಹಾಲಿನವರು ಇಲ್ಲಿ ಒಂದು ವಿಷಯ ಹೆಚ್ಚಾಗಿ ಗಮನಿಸಬೇಕು. 40 ಲೀಟರಿನ ಕ್ಯಾನು ತುಂಬಿದರೆ ಹಾಲೇ 41 ಕಿಲೋ, ಕ್ಯಾನಿನ ತೂಕ ಬೇರೆ. ಭಾರ ಬಿದ್ದಾಗ ಹಿಂದಿನ ಶಾಕ್ ಅಬ್ಸಾರ್ಬರ್ ಕುಗ್ಗಿ, ಚಕ್ರ ಮೇಲಕ್ಕೆ ಬಂದು, ಚೈನು ಇನ್ನಷ್ಟು ಬಿಗಿಯಾಗುತ್ತದೆ. ಖಾಲಿ ಗಾಡಿಯಲ್ಲಿ ವೀಣೆಯ ತಂತಿಯಂತೆ ಬಿಗಿದವರ ಚೈನು, ಕ್ಯಾನು ಹೊತ್ತು ಗುಂಡಿಗೆ ಬಿದ್ದಾಗ ಹರಿಯುತ್ತದೆ. ಇಲ್ಲವೇ ಎಂಜಿನ್ ಕಡೆಯ ಬೇರಿಂಗ್ ಹೋಗುತ್ತದೆ. ಅಡ್ಜಸ್ಟ್ ಮಾಡಿದ ಮೇಲೆ ಭಾರ ಹೇರಿ, ಮನೆಯವರನ್ನು ಕೂರಿಸಿ, ಆಗಲೂ ಚೈನಿನಲ್ಲಿ ತುಸು ಆಟ ಉಳಿದಿದೆಯೇ ನೋಡಿಕೊಳ್ಳಿ. ತೀರಾ ಸಡಿಲವೂ ಅಪಾಯವೇ. ಹಲ್ಲು ತಪ್ಪಿದ ಚೈನು ಹಿಂದಿನ ಚಕ್ರವನ್ನು ಹಠಾತ್ತಾಗಿ ಕಟ್ಟಿಹಾಕಬಹುದು, ಮುಂದಿನ ಹಲ್ಲುಗಾಲಿಗೆ ಸುತ್ತಿ ಎಂಜಿನ್ ಕವಚವನ್ನೇ ಒಡೆಯಬಹುದು.

ಎರಡೂ ಬದಿಯ ಅಡ್ಜಸ್ಟರ್ ಗೆರೆ ಸಮ ಇರಲಿ. ಆಕ್ಸಲ್ ನಟ್ಟು ಪೂರ್ತಿ ಬಿಗಿಯಾಗಲಿ. ಚಕ್ರ ಹಿಂದೆ ಮುಂದೆ ಸರಿದಿರುವುದರಿಂದ ಡ್ರಮ್ ಬ್ರೇಕ್ ಇರುವ ಗಾಡಿಯಲ್ಲಿ ಹಿಂದಿನ ಬ್ರೇಕಿನ ಆಟ ಬದಲಾಗಿರುತ್ತದೆ, ಅದನ್ನೂ ಸರಿಮಾಡಿ ಬೀದಿಯಲ್ಲಿ ಒಮ್ಮೆ ಖಾಲಿ ಓಡಿಸಿ ಬ್ರೇಕ್ ಹಿಡಿದು ನೋಡಿದ ಮೇಲೆಯೇ ಕ್ಯಾನು ಏರಿಸಿ. ಚೈನಿಗೆ 90 ನಂಬರಿನ ಗೇರ್ ಆಯಿಲ್ ಒಳ್ಳೆಯದು. ಸ್ಪ್ರೇ ತರುವುದಾದರೆ ಓ-ರಿಂಗ್‌ಗೆ ಆಗುತ್ತದೆ ಎಂದು ಡಬ್ಬದ ಮೇಲೆ ಬರೆದಿರುವುದನ್ನೇ ತನ್ನಿ. ಎಂಜಿನ್ನಿನಿಂದ ತೆಗೆದ ಕರಿ ಎಣ್ಣೆಯಲ್ಲಿ ಲೋಹದ ಪುಡಿ ಇರುತ್ತದೆ, ಅದು ಬೇಡ. ಎಣ್ಣೆ ಬಿಟ್ಟು ಚಕ್ರ ತಿರುಗಿಸಿ, ಹೆಚ್ಚಾದದ್ದನ್ನು ಒರೆಸಿ.

ಕೈ ತೊಳೆಯುವ ಮಾತು

ಸೀಮೆಎಣ್ಣೆ ಮುಟ್ಟಿದ ಕೈಯಲ್ಲಿ ಕೆಚ್ಚಲು ಮುಟ್ಟಬೇಡಿ. ಹಾಲು ಸುತ್ತಲಿನ ವಾಸನೆಯನ್ನು ಬಲುಬೇಗ ಹೀರಿಕೊಳ್ಳುತ್ತದೆ. ಸಂಘದಲ್ಲಿ ಪರೀಕ್ಷಕರು ಮುಚ್ಚಳ ತೆಗೆದು ಮೊದಲು ಮಾಡುವುದೇ ಮೂಸಿ ನೋಡುವುದು. ಸೀಮೆಎಣ್ಣೆ ವಾಸನೆ ಬಂದರೆ ಫ್ಯಾಟ್, ಎಸ್‌ಎನ್‌ಎಫ್ ಎಷ್ಟೇ ಚೆನ್ನಾಗಿದ್ದರೂ ಹಾಲು ವಾಪಸ್. ಕೆಲಸವನ್ನು ಬೆಳಗಿನ ಹಾಲು ಹಾಕಿ ಬಂದ ಮೇಲೆ ಮಾಡಿ, ಸಂಜೆಯ ಕರೆಯುವ ಹೊತ್ತಿಗೆ ಸೋಪು ಹಾಕಿ ಎರಡು ಸಲ ಕೈ ತೊಳೆದು, ಸೀರೆಯನ್ನೂ ಬದಲಿಸಿ. ಒರೆಸಿದ ಬಟ್ಟೆ, ಎಣ್ಣೆ ಡಬ್ಬ ಹಾಲಿನ ಪಾತ್ರೆಗಳ ಹತ್ತಿರ ಬೇಡ.

ಸೀರೆಯ ಗಾರ್ಡು, ದಾರಿಯ ಜಾಗ್ರತೆ

ಹಿಂದೆ ಕೂರುವವರ ಬಟ್ಟೆ ಚಕ್ರಕ್ಕೆ ಸಿಗದಂತೆ ಹಿಂಚಕ್ರದ ಅರ್ಧಕ್ಕಿಂತ ಕಡಿಮೆಯಿಲ್ಲದಷ್ಟು ಭಾಗ ಮುಚ್ಚುವ ಗಾರ್ಡ್, ಹಿಡಿದುಕೊಳ್ಳಲು ಹಿಡಿಕೆ, ಕಾಲಿಡಲು ಫುಟ್‌ರೆಸ್ಟ್ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ಕ್ಯಾನು ನೇತುಹಾಕಲು ಅಡ್ಡಿ ಎಂದು ಮನೆಯ ಗಂಡಸರು ಮೊದಲು ಬಿಚ್ಚಿಸುವುದೇ ಈ ಗಾರ್ಡನ್ನು. ಚೈನ್ ಕವರಿನ ಗತಿಯೂ ಹಲವು ಮನೆಗಳಲ್ಲಿ ಅದೇ. ಬಿಚ್ಚಿಸಿದ್ದರೆ ಮತ್ತೆ ಹಾಕಿಸಿ. ಕ್ಯಾನಿನ ಕೊಕ್ಕೆಯನ್ನು ಗಾರ್ಡಿನ ಹೊರಗೆ ಬರುವಂತೆ ವೆಲ್ಡಿಂಗ್‌ನವರು ಮಾಡಿಕೊಡುತ್ತಾರೆ. ಸ್ಕೂಟರಿನವರಿಗೂ ಇದು ಅನ್ವಯಿಸುತ್ತದೆ. ಸೆರಗು, ದುಪಟ್ಟಾ ಬಿಗಿಯಾಗಿ ಸಿಕ್ಕಿಸಿಕೊಂಡೇ ಹತ್ತಿ.

ದಾರಿಯಲ್ಲಿ ಲಾಕ್ ಕಳಚಿದರೆ ಕ್ಲಚ್ ಹಿಡಿದು, ಬ್ರೇಕನ್ನು ಮೆಲ್ಲಗೆ ಒತ್ತಿ ಪಕ್ಕಕ್ಕೆ ನಿಲ್ಲಿಸಿ. ಮೊದಲ ಕೆಲಸ ಹಾಲನ್ನು ಸಂಘಕ್ಕೆ ಹೋಗುವ ಬೇರೆ ಯಾರದ್ದಾದರೂ ಗಾಡಿಗೆ ಏರಿಸಿ ಕಳಿಸುವುದು, ಕಾರ್ಯದರ್ಶಿಗೆ ಒಂದು ಫೋನ್ ಮಾಡುವುದು. ಗಾಡಿ ಆಮೇಲೆ. ತಂತಿ ಸುತ್ತಿ ಚೈನು ಕಟ್ಟಿ ಓಡಿಸಲು ಯಾರಾದರೂ ಮುಂದೆ ಬಂದರೆ ಬೇಡ ಎನ್ನಿ. ಅಕ್ಕಪಕ್ಕದ ಕೊಂಡಿ ಬಾಗಿದೆಯೇ, ಎಂಜಿನ್ ಪಕ್ಕದಿಂದ ಎಣ್ಣೆ ಸುರಿಯುತ್ತಿದೆಯೇ ನೋಡಿ. ಎರಡೂ ಇಲ್ಲದಿದ್ದರೆ, ಚೈನು ಮುಂದಿನ ಹಲ್ಲುಗಾಲಿಯ ಮೇಲೆ ಇನ್ನೂ ಇದ್ದರೆ, ಜೊತೆಗಿರುವ ಹೊಸ ಲಾಕ್ ಅಲ್ಲೇ ಹಾಕಬಹುದು.

ವಾರಕ್ಕೊಮ್ಮೆ, ಪಾಸ್ ಪುಸ್ತಕದ ಲೆಕ್ಕ ನೋಡುವ ದಿನವೇ ಆಗಲಿ, ಚಕ್ರ ತಿರುಗಿಸಿ ಕ್ಲಿಪ್ಪಿನ ತಲೆ ಬಾಲ ನೋಡಿಬಿಡಿ. ಒರೆಸಿದ ಮೇಲೆ ಲಾಕಿನ ಪಟ್ಟಿಗೆ ಒಂದು ಚುಕ್ಕೆ ಉಗುರುಬಣ್ಣ ಹಚ್ಚಿಟ್ಟರೆ ಕತ್ತಲಲ್ಲೂ ಬೇಗ ಸಿಗುತ್ತದೆ. ಹೆಚ್ಚಿನ ಲಾಕನ್ನು ನಾನು ಗ್ರೀಸ್ ಸವರಿದ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಸುತ್ತಿ, ನೋಸ್ ಪ್ಲೈಯರ್ ಜೊತೆ ಸೀಟಿನ ಕೆಳಗೆ ಇಟ್ಟಿದ್ದೇನೆ.